ರೇಸ್ ಟ್ರ್ಯಾಕ್‌ಗೆ ನಮ್ಮದೇ ಬಿಯರ್ ಒಯ್ಯಬಹುದಾ? ಕೂಲರ್ ತುಂಬುವ ಮುಂಚೆ ಇಷ್ಟು ನೋಡಿಕೊಳ್ಳಿ

ಮೊದಲು ಒಂದು ಫೋನ್ ಮಾಡಿ. ಐಸ್ ತರುವುದು, ಕೂಲರ್ (ಐಸ್ ಹಾಕಿ ಕ್ಯಾನ್ ತಣ್ಣಗಿಡುವ ಪೆಟ್ಟಿಗೆ) ತುಂಬುವುದು ಎಲ್ಲ ಆಮೇಲೆ. ಯಾಕೆಂದರೆ ಈ ಪ್ರಶ್ನೆಗೆ ಎಲ್ಲ ಟ್ರ್ಯಾಕ್‌ಗೂ ಹೊಂದುವ ಒಂದೇ ಉತ್ತರ ಇಲ್ಲ. ಒಂದು ಕಡೆ ಕೂಲರ್ ನೋಡಿ ನಗುತ್ತಾ ಒಳಗೆ ಬಿಡುತ್ತಾರೆ, ಅಲ್ಲಿಂದ ಅರ್ಧ ಗಂಟೆ ದೂರದ ಇನ್ನೊಂದು ಟ್ರ್ಯಾಕ್‌ನಲ್ಲಿ ಗೇಟಿನಲ್ಲೇ ತಡೆಯುತ್ತಾರೆ. ಹೋದ ವರ್ಷ ಬಿಟ್ಟಿದ್ದರು ಅಂತ ಈ ವರ್ಷವೂ ಬಿಡುತ್ತಾರೆ ಅನ್ನುವ ನಂಬಿಕೆಯಂತೂ ಬೇಡವೇ ಬೇಡ.

ಫೋನಿನಲ್ಲಿ ಏನು ಕೇಳಬೇಕು? ಸುಮ್ನೆ "ಬಿಯರ್ ತರಬಹುದಾ" ಅಂದರೆ ಸಾಲದು. ಒಳಗೆ ನೀವೇ ಬಿಯರ್ ಮಾರುತ್ತೀರಾ ಅಂತ ಕೇಳಿ. ಮುಕ್ಕಾಲು ಉತ್ತರ ಇದರಲ್ಲೇ ಸಿಗುತ್ತದೆ. ಮಾರುವ ಲೈಸೆನ್ಸ್ ಇರುವ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಹೊರಗಿನದನ್ನು ಬಿಡುವುದಿಲ್ಲ. ಇದರಲ್ಲಿ ಲಾಭದ ಲೆಕ್ಕ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟೇ ಅಲ್ಲ. ಎಷ್ಟೋ ಕಡೆ ಲೈಸೆನ್ಸಿನ ಷರತ್ತೇ ಹಾಗಿರುತ್ತದೆ, ಮತ್ತೆ ಒಳಗೆ ಯಾರಾದರೂ ಜಾಸ್ತಿ ಕುಡಿದು ಅನಾಹುತ ಮಾಡಿಕೊಂಡರೆ ಹೊಣೆ ಟ್ರ್ಯಾಕಿನವರ ತಲೆಗೆ ಬರುತ್ತದೆ. ಲೈಸೆನ್ಸ್ ಇಲ್ಲದ ಸಣ್ಣ ಟ್ರ್ಯಾಕ್‌ಗಳಲ್ಲಿ, ಅದರಲ್ಲೂ ವಾರಾಂತ್ಯದ ಸಂಜೆ ಕಾರು ಓಡಿಸುವ ಮಣ್ಣಿನ ಓವಲ್‌ಗಳಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕ್‌ಗಳಲ್ಲಿ), ನಿಮ್ಮದನ್ನು ನೀವೇ ತರಲು ಬಿಡುವುದು ಹೆಚ್ಚು.

ದೊಡ್ಡ ಟ್ರ್ಯಾಕ್ ಅಂದರೆ ಕಟ್ಟುನಿಟ್ಟು ಅಂದುಕೊಳ್ಳುತ್ತೇವೆ ಅಲ್ವಾ? ಹಾಗೇನಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇ ಪ್ರಪಂಚದ ಅತಿ ದೊಡ್ಡ ರೇಸ್ ಮೈದಾನಗಳಲ್ಲಿ ಒಂದು, ಅಲ್ಲಿ ಕೂಲರಿನಲ್ಲಿ ನಿಮ್ಮದೇ ಬಿಯರ್ ಒಯ್ಯಬಹುದು, ಗಾಜು ಮಾತ್ರ ಕೂಡದು. ಅದೇ ದೇಶದ ಕೆಂಟಕಿ ಡರ್ಬಿ ಕುದುರೆ ರೇಸ್ ನಡೆಯುವ ಚರ್ಚಿಲ್ ಡೌನ್ಸ್‌ನಲ್ಲಿ ಹೊರಗಿನ ಮದ್ಯ ಒಂದು ಹನಿಯೂ ಒಳಗೆ ಹೋಗುವಂತಿಲ್ಲ. ಆಸ್ಟ್ರೇಲಿಯಾದ ಬಾಥರ್ಸ್ಟ್ ಕಾರ್ ರೇಸಿನಲ್ಲಿ ಇನ್ನೊಂದು ದಾರಿ ಹುಡುಕಿದರು: ಆ ರೇಸ್ ನಡೆಯುವ ಮೌಂಟ್ ಪನೋರಮಾದಲ್ಲಿ ಟೆಂಟ್ ಹಾಕುವವರು ತರಬಹುದು, ಆದರೆ ಒಬ್ಬರಿಗೆ ದಿನಕ್ಕೆ 24 ಕ್ಯಾನ್ ಬಿಯರ್ ಅಂತ ಮಿತಿ ಹಾಕಿದರು.

ನಿಯಮ ಬದಲಾಗುತ್ತದೆ ಅಂದೆನಲ್ಲ, ಅದಕ್ಕೆ ಬಾಲ್ಟಿಮೋರಿನ ಪ್ರೀಕ್ನೆಸ್ ಕುದುರೆ ರೇಸನ್ನೇ ನೋಡಿ. ಅಲ್ಲಿನ ಒಳಮೈದಾನಕ್ಕೆ, ಅಂದರೆ ಟ್ರ್ಯಾಕಿನ ನಡುವಿನ ಬಯಲಿಗೆ, ಜನ ವರ್ಷಗಟ್ಟಲೆ ಕೇಸುಗಟ್ಟಲೆ ಬಿಯರ್ ಹೊತ್ತು ತರುತ್ತಿದ್ದರು. 2009ರಲ್ಲಿ ನಿಲ್ಲಿಸಿಬಿಟ್ಟರು. 2008ರಲ್ಲಿ 1,12,222 ಜನ ಬಂದಿದ್ದ ರೇಸಿಗೆ 2009ರಲ್ಲಿ ಬಂದವರು 77,850. ಅಷ್ಟು ಜನ ಕಡಿಮೆಯಾದರೂ ಹಳೆಯ ನಿಯಮ ವಾಪಸ್ ಬರಲಿಲ್ಲ. ಮರುವರ್ಷ ರೇಸ್ ನಡೆಸುವವರೇ ದುಡ್ಡು ತೆಗೆದುಕೊಂಡು ಮಗ್ ಕೊಟ್ಟು, ಬೇಕಾದಷ್ಟು ಬಿಯರ್ ತುಂಬಿಕೊಡಲು ಶುರು ಮಾಡಿದರು.

ಬಿಡುತ್ತಾರೆ ಅಂತ ಖಾತ್ರಿಯಾಯಿತು ಅನ್ನಿ. ಆಮೇಲೂ ಜನ ಎಡವುವುದು ಗಾಜಿನಲ್ಲಿ. ಒಂದು ಸಲ ನಮ್ಮ ಮುಂದಿನ ಸಾಲಿನಲ್ಲಿ ನಾಲ್ಕು ಹುಡುಗರು ನಿಂತಿದ್ದರು, ಕೂಲರ್ ತೆರೆದರೆ ಹನ್ನೆರಡು ಬಾಟಲಿ, ಐಸಿನ ನೀರು ಸೋರುತ್ತಿದೆ, ಹಿಂದೆ ನಾವೆಲ್ಲ ಕಾಯುತ್ತಿದ್ದೇವೆ. ಗೇಟಿನ ಹೆಂಗಸು ಮೆಲ್ಲಗೆ "ಬಿಯರ್ ಸರಿ, ಬಾಟಲಿ ಬೇಡ" ಅಂದರು. ಹುಡುಗರು ಅಲ್ಲೇ ಕೂತು ಮುಚ್ಚಳ ತೆಗೆದು ಪ್ಲಾಸ್ಟಿಕ್ ಲೋಟಗಳಿಗೆ ಸುರಿಯತೊಡಗಿದರು. ಅದೂ ಆಗಲಿಲ್ಲ, ಯಾಕೆಂದರೆ ತೆರೆದದ್ದೂ ಒಳಗೆ ಹೋಗುವಂತಿಲ್ಲ, ಲೋಟದಲ್ಲಿ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಎಲ್ಲ ಕಸದ ಡ್ರಮ್‌ಗೆ ಹೋಯಿತು. ಅದೇ ಬಿಯರನ್ನು ಕ್ಯಾನ್‌ನಲ್ಲಿ ತಂದಿದ್ದರೆ ಒಂದು ನಿಮಿಷದಲ್ಲಿ ಒಳಗಿರುತ್ತಿದ್ದರು. ಪಾಪ ಅನ್ನಿಸಿತು.

ಗಾಜು ಬೇಡ ಅನ್ನುವುದಕ್ಕೆ ಒಳ್ಳೆ ಕಾರಣ ಇದೆ. ಒಡೆದ ಚೂರು ಟೈರಿಗೂ ಕುದುರೆ ಕಾಲಿಗೂ ಮಕ್ಕಳ ಪಾದಕ್ಕೂ ಒಂದೇ. ಜನ ಸಿಟ್ಟಾದರೆ ಕೈಯಲ್ಲಿರುವುದನ್ನು ಎಸೆಯುತ್ತಾರೆ ಅನ್ನುವುದೂ ಸುಳ್ಳಲ್ಲ. 2004ರ ಏಪ್ರಿಲ್‌ನಲ್ಲಿ ಅಮೆರಿಕದ ಟಾಲಡೀಗ ಕಾರ್ ಟ್ರ್ಯಾಕ್‌ನಲ್ಲಿ ಹಳದಿ ಬಾವುಟದಡಿಯೇ (ಅಪಾಯದ ಸೂಚನೆ, ಆಗ ಯಾರೂ ಇನ್ನೊಬ್ಬರನ್ನು ಹಿಂದೆ ಹಾಕುವಂತಿಲ್ಲ) ರೇಸ್ ಮುಗಿದು ಜೆಫ್ ಗಾರ್ಡನ್ ಗೆದ್ದಾಗ, ಎದುರಾಳಿ ಚಾಲಕ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಅಭಿಮಾನಿಗಳು ಟ್ರ್ಯಾಕಿನ ಮೇಲೆ ಬಿಯರ್ ಕ್ಯಾನ್ ಎಸೆದರು. ಅವು ಬಾಟಲಿಗಳಾಗಿದ್ದರೆ ಏನಾಗುತ್ತಿತ್ತು ಯೋಚಿಸಿ.

ಹಾಗಾಗಿ ಕ್ಯಾನ್, ಸೀಲ್ ಒಡೆಯದ್ದು. ಕೂಲರಿನ ಅಳತೆ ಟೇಪ್ ಹಿಡಿದು ನೋಡಿ, ಕಣ್ಣಂದಾಜು ಬೇಡ, ಟ್ರ್ಯಾಕ್ ಹೇಳಿದ್ದಕ್ಕಿಂತ ಒಂದು ಇಂಚು ದೊಡ್ಡದಿದ್ದರೂ ಕಾರಿಗೆ ವಾಪಸ್ ಓಡಬೇಕಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೂಲರ್ ನಡೆಯುತ್ತದಾ ಅಥವಾ ಮೆತ್ತನೆಯದೇ ಆಗಬೇಕಾ ಅಂತಲೂ ಕೇಳಿ. ಬಿಯರ್ ಬಿಡುವವರು ವಿಸ್ಕಿ, ರಮ್ ಬಿಡಲೇಬೇಕು ಅಂತಿಲ್ಲ, ಅದನ್ನೂ ಬೇರೆಯಾಗಿ ಕೇಳಿ. ಐಡಿ ಕಾರ್ಡ್ ಇಟ್ಟುಕೊಳ್ಳಿ. ಅಮೆರಿಕದಲ್ಲಿ 21 ತುಂಬಿರಬೇಕು.

ಈಗ ಮುಖ್ಯ ಮಾತು. ಪ್ರೇಕ್ಷಕರು ಕೂರುವ ಸ್ಟ್ಯಾಂಡಿನಲ್ಲಿ ಕುಡಿಯಲು ಬಿಟ್ಟರೆಂದು ಪಿಟ್ ಒಳಗೂ ಒಯ್ಯಬೇಡಿ. ಕಾರು ರಿಪೇರಿ ನಡೆಯುವ ಆ ಜಾಗದಲ್ಲಿ ಕೊನೆಯ ರೇಸ್ ಮುಗಿಯುವ ತನಕ ಮದ್ಯ ಕೂಡದು ಅನ್ನುವುದು ಬಹಳ ಟ್ರ್ಯಾಕ್‌ಗಳ ನಿಯಮ. ಅಲ್ಲಿ ಪೆಟ್ರೋಲ್ ಇದೆ, ಕಾರುಗಳು ಹಿಂದೆ ಮುಂದೆ ಚಲಿಸುತ್ತಿರುತ್ತವೆ, ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೋ ಮಲಗಿರುತ್ತಾರೆ. ನೀವು ಗೆಳೆಯರ ಕೈಗೆ ಕೊಟ್ಟ ಒಂದು ಕ್ಯಾನಿನಿಂದ ಅವರ ಇಡೀ ತಂಡವನ್ನೇ ಅವತ್ತು ಹೊರಗೆ ಹಾಕಬಹುದು. ವಾರವಿಡೀ ರಾತ್ರಿ ಕೂತು ಇಂಜಿನ್ ಕಟ್ಟಿದವರಿಗೆ ಹಾಗೆ ಮಾಡಬೇಡಿ. ಕೊನೆಯ ಕಾರು ಟ್ರ್ಯಾಕ್ ಬಿಟ್ಟ ಮೇಲೆ, ಟ್ರ್ಯಾಕಿನವರ ಅನುಮತಿ ಇದ್ದರೆ, ಒಟ್ಟಿಗೆ ಕೂತು ಕುಡಿಯಿರಿ.

ಸ್ಟ್ಯಾಂಡಿನಲ್ಲೂ ಕುಟುಂಬಗಳಿಗೆ ಅಂತ ಮದ್ಯವಿಲ್ಲದ ಸಾಲುಗಳನ್ನು ಬಿಟ್ಟಿರುತ್ತಾರೆ, ಬೋರ್ಡ್ ನೋಡಿ ಕೂತುಕೊಳ್ಳಿ. ಪಾರ್ಕಿಂಗ್ ಜಾಗದ ನಿಯಮ ಬೇರೆಯೇ ಇರುತ್ತದೆ.

ವಾಪಸ್ ಕಾರು ಓಡಿಸುವವರು ಯಾರು ಅಂತ ಮನೆಯಿಂದ ಹೊರಡುವಾಗಲೇ ಹೇಳಿಕೊಳ್ಳಿ, ಕೀಲಿ ಅವರ ಜೇಬಿನಲ್ಲೇ ಇರಲಿ, ಅವರಿಗೆ ಅಂತ ಕೂಲರಿನಲ್ಲಿ ಸೋಡಾ, ನೀರು ಧಾರಾಳವಾಗಿ ಇಡಿ. ಉಳಿದ ಕ್ಯಾನ್‌ಗಳು ಡಿಕ್ಕಿಯಲ್ಲಿರಲಿ. ಅರ್ಧ ಕುಡಿದ ಕ್ಯಾನ್ ಕಾರಿನೊಳಗೆ ಬೇಡ, ಹತ್ತುವ ಮುಂಚೆಯೇ ಚೆಲ್ಲಿಬಿಡಿ.