ಕಪಾಟು ಕೀಳದೆ ಬಚ್ಚಲಿಗೆ ಹೊಸ ನೆಲ ಹಾಕಿದ್ದು

ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಬಚ್ಚಲಿನಲ್ಲಿ ಎರಡು ವಸ್ತು ಜಾಗ ಬಿಟ್ಟು ಕದಲುವುದಿಲ್ಲ. ಒಂದು ಹಂಡೆ ಒಲೆ. ಇನ್ನೊಂದು, ಗೋಡೆಗೇ ಸೇರಿಸಿ ಕಟ್ಟಿದ ಕಡಪ ಕಲ್ಲಿನ ಕಪಾಟು. ನಮ್ಮ ಮನೆಯಲ್ಲಿ ಎರಡೂ ಇವೆ. ಕಪಾಟಿನ ಹಲಗೆಗಳು ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯೊಳಗೆ ಹೋಗಿವೆ, ಕಾಲುಗಳು ನೆಲದೊಳಗೆ ಹೂತಿವೆ. ನೆಲ ಮಾತ್ರ ಹಾಳಾಗಿತ್ತು. ಕೆಂಪು ಗಾರೆ ಅಲ್ಲಲ್ಲಿ ಎದ್ದು, ನಡುವೆ ತಗ್ಗಾಗಿ, ಮಳೆಗಾಲ ಪೂರ್ತಿ ಅಲ್ಲಿ ಪಾಚಿ. ಅಮ್ಮನಿಗೆ ಎಪ್ಪತ್ತು ದಾಟಿದೆ. ಬೆಳಗಿನ ಜಾವ ಕತ್ತಲಲ್ಲೇ ಎದ್ದು ಬಚ್ಚಲಿಗೆ ಹೋಗುವವರು. ಅವರು ಜಾರಿ ಬೀಳಬಾರದು ಅನ್ನುವುದೊಂದೇ ನನಗಿದ್ದ ಚಿಂತೆ.

ಕಂಟ್ರಾಕ್ಟ್‌ನವರನ್ನು ಕೇಳಿದರೆ, ಎಲ್ಲ ಒಡೆದು ಹೊಸದಾಗಿ ಮಾಡೋಣ ಅಂದರು. ಒಡೆದರೆ ಕಪಾಟು ಹೋಗುತ್ತದೆ, ಅದರ ಜೊತೆ ಗೋಡೆಯ ಗಾರೆಯೂ ಬರುತ್ತದೆ. ಖರ್ಚು ಎಲ್ಲಿಗೆ ನಿಲ್ಲುತ್ತದೋ ಗೊತ್ತಿಲ್ಲ. ಪಕ್ಕದೂರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿ, "ಕಲ್ಲು ಗಟ್ಟಿ ಇದೆ ಮಾರಾಯ್ರೆ, ಅದನ್ನ ಮುಟ್ಟಬೇಡಿ. ನೆಲವನ್ನ ಅದರ ಹತ್ರ ಕರ್ಕೊಂಡು ಬನ್ನಿ" ಅಂದರು. ಆ ಮಾತೇ ದಾರಿ ತೋರಿಸಿತು. ತಮ್ಮನನ್ನು ಜೊತೆಗೆ ಇಟ್ಟುಕೊಂಡು ನಾನೇ ಮಾಡಿದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಬಿಸಿಲು ಏರಿದ ಕಾಲಕ್ಕೆ. ನಮ್ಮ ಕಡೆ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಬಿಟ್ಟರೆ ಬೇರೆ ಒಳ್ಳೆ ಕಾಲ ಇಲ್ಲ. ಜಂಬಿಟ್ಟಿಗೆ ಮಳೆಯಲ್ಲಿ ನೀರು ಕುಡಿದು ಕೂತರೆ ಬೇಗ ಒಣಗುವುದಿಲ್ಲ. ಹಸಿ ಗೋಡೆಯ ಬುಡಕ್ಕೆ ಏನು ಬಳಿದರೂ ಹಿಡಿಯುವುದಿಲ್ಲ.

ಟೈಲ್ಸ್ ವಿಷಯ ಬೇಗ ಮುಗಿಯಿತು. ಶಿವಮೊಗ್ಗದ ಅಂಗಡಿಯಲ್ಲಿ ಉಳಿಕೆ ಲಾಟ್ ಕೇಳಿದೆ. ಜಾರದ, ಒರಟು ಮೈಯ, ಒಂದಡಿಗೆ ಒಂದಡಿ ಅಳತೆಯ ಬೂದು ಬಣ್ಣದ್ದು ಸಿಕ್ಕಿತು. ದೊಡ್ಡ ಟೈಲ್ಸ್ ಬಚ್ಚಲಿಗೆ ಬೇಡ. ನೀರು ಹರಿಯಲು ನೆಲಕ್ಕೆ ಇಳಿಜಾರು, ಅಂದರೆ ವಾಟ, ಕೊಡುವಾಗ ದೊಡ್ಡದು ನೆಲದ ತಿರುವಿಗೆ ಬಗ್ಗುವುದಿಲ್ಲ, ಕತ್ತರಿಸುವಾಗ ಹಾಳಾಗುವುದೂ ಜಾಸ್ತಿ. ಮೂಲೆ, ಕಾಲು, ಒಲೆಕಟ್ಟೆ ಎಲ್ಲ ಇರುವ ಕಡೆ ಲೆಕ್ಕಕ್ಕಿಂತ ನೂರಕ್ಕೆ ಹದಿನೈದು ಹೆಚ್ಚು ತರಬೇಕು. ಉಳಿಕೆ ಲಾಟ್ ಮತ್ತೆ ಸಿಗುವುದಿಲ್ಲ ಅಲ್ವಾ. ಎಲ್ಲ ಬಾಕ್ಸ್‌ನ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ. ಟೈಲ್ಸ್‌ನಲ್ಲಿ ಉಳಿದ ದುಡ್ಡನ್ನು ನೀರು ತಡೆಯುವ ಕೋಟಿಂಗ್ ಮತ್ತು ಟೈಲ್ಸ್ ಸಂದಿ ತುಂಬುವ ಎಪಾಕ್ಸಿ ಗ್ರೌಟ್‌ಗೆ ಹಾಕಿದೆ. ಬಚ್ಚಲಿನಲ್ಲಿ ದುಡ್ಡು ಹಾಕಬೇಕಾದ್ದು ಕಣ್ಣಿಗೆ ಕಾಣದ ಕಡೆಗೇ.

ಹಳೇ ನೆಲವನ್ನು ಪೂರ್ತಿ ಒಡೆಯಲಿಲ್ಲ. ಒಡೆದಿದ್ದರೆ ಕಪಾಟಿನ ಕಾಲು ಅಲುಗುತ್ತಿತ್ತು. ಮರದ ಕೋಲಿನಿಂದ ತಟ್ಟುತ್ತಾ ಹೋದೆವು. ಪೊಳ್ಳು ಸದ್ದು ಬಂದ ಕಡೆ ಕಿತ್ತೆವು. ಗಟ್ಟಿ ಇದ್ದ ಕಡೆ ಉಳಿಯಿಂದ ಎರಡೆರಡು ಇಂಚಿಗೆ ಕಚ್ಚು ಹಾಕಿದೆವು. ಕೆಂಪು ಗಾರೆ ವರ್ಷಗಟ್ಟಲೆ ತಿಕ್ಕಿ ಕನ್ನಡಿಯಂತೆ ನುಣುಪಾಗಿರುತ್ತದೆ, ಕಚ್ಚು ಹಾಕದಿದ್ದರೆ ಮೇಲಿನದ್ದು ಕಚ್ಚಿಕೊಳ್ಳುವುದಿಲ್ಲ. ಆಮೇಲೆ ವಾಟ. ಮೂಲೆಯಲ್ಲಿ ನೀರು ಹೋಗುವ ಜಾಲಿಯಿಂದ ಎದುರು ಗೋಡೆಗೆ ಆರಡಿ, ಅದಕ್ಕೆ ಮುಕ್ಕಾಲು ಇಂಚು ಏರಿಸಿದೆ. ಮಟ್ಟ ನೋಡುವ ರಸಮಟ್ಟ ಇಟ್ಟು ದಾರ ಕಟ್ಟಿ, ಸಿಮೆಂಟ್ ಮರಳಿನ ಪದರ ಎಳೆದೆವು. ಟೈಲ್ಸ್ ಮತ್ತು ಅಂಟು ಸೇರಿ ಇನ್ನೂ ಅರ್ಧ ಇಂಚು ಏರುತ್ತದೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಹೊಸ್ತಿಲು ಎತ್ತರ ಇದ್ದುದರಿಂದ ನೀರು ಹೊರಗೆ ಬರುವ ಭಯ ಇರಲಿಲ್ಲ. ಬಾಗಿಲ ಬುಡವನ್ನು ಮಾತ್ರ ಸ್ವಲ್ಪ ಕೊಯ್ದೆವು. ಜಾಲಿಯನ್ನೂ ಹೊಸ ಮಟ್ಟಕ್ಕೆ ಎತ್ತಿ ಕೂರಿಸಿದೆವು.

ಇನ್ನು ಕಪಾಟು. ಕೆಳಗಿನ ಹಲಗೆಗೂ ನೆಲಕ್ಕೂ ನಡುವೆ ನಾಲ್ಕು ಇಂಚು ಸಂದಿ. ಕೈ ಹೋಗುತ್ತದೆ, ಕರಣೆ ಹಿಡಿದ ಕೈ ಹೋಗುವುದಿಲ್ಲ. ಮಳೆಗಾಲದಲ್ಲಿ ಇಂಬಳ, ಜರಿ ಎಲ್ಲ ಅಲ್ಲೇ ಸೇರುತ್ತಿದ್ದವು. ಒಳಗೆ ಟೈಲ್ಸ್ ತೂರಿಸುವ ಯೋಚನೆ ಬಿಟ್ಟು, ಆ ಸಂದಿಯನ್ನೇ ಮುಚ್ಚಿದೆ. ಒಡೆದ ಇಟ್ಟಿಗೆ ಚೂರು ಮತ್ತು ಗಾರೆ ತುಂಬಿ ಮುಂದೆ ನೇರ ಮಾಡಿ, ನೆಲದ ಜೊತೆಗೇ ಅದಕ್ಕೂ ಕೋಟಿಂಗ್ ಬಳಿದೆ. ಒಂದು ಸಲ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ. ಗೋಡೆಯ ಮೇಲೂ ಒಂದಡಿ ಹತ್ತಿಸಿದೆ. ಮೂಲೆಗಳಿಗೆ ಬ್ರಷ್ ಒತ್ತಿ ಬಳಿಯಬೇಕು, ನೀರು ಇಳಿಯುವುದು ಅಲ್ಲೇ. ಅದು ಗಟ್ಟಿಯಾದ ಮೇಲೆ ಜಾಲಿಗೆ ಬಟ್ಟೆ ತುರುಕಿ ಒಂದು ದಿನ ನೀರು ನಿಲ್ಲಿಸಿದೆವು. ಗೆರೆ ಎಳೆದ ಮಟ್ಟದಿಂದ ನೀರು ಇಳಿಯಲಿಲ್ಲ. ಈ ಪರೀಕ್ಷೆ ಆಗದೆ ಯಾರೂ ಟೈಲ್ಸ್ ಕೂರಿಸಬಾರದು.

ಕಪಾಟಿನ ಕಾಲುಗಳ ಸುತ್ತ ಕತ್ತರಿಸುವುದೇ ನಿಜವಾದ ಕೆಲಸ. ಕಾಲುಗಳು ನೇರ ಇರಲಿಲ್ಲ, ಕಲ್ಲಿನ ಅಂಚು ಒರಟು. ಅಳತೆ ಪಟ್ಟಿ ಇಲ್ಲಿ ಸಾಲದು. ಮನೆಯಲ್ಲಿದ್ದ ದಪ್ಪನೆಯ ಮದುವೆ ಕಾಗದಗಳನ್ನು ತಂದು, ಕಾಲಿಗೆ ಒತ್ತಿ ಹಿಡಿದು, ಕತ್ತರಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಸರಿಯಾಗಿ ಕೂರುವ ಹಾಗೆ ಮಾಡಿದೆ. ಆ ಕಾಗದವನ್ನು ಟೈಲ್ಸ್ ಮೇಲೆ ಇಟ್ಟು ಗೆರೆ ಎಳೆದೆ. ಒಳಮೂಲೆ ಬರುವ ಜಾಗಕ್ಕೆ ಮೊದಲು ಡ್ರಿಲ್‌ನಿಂದ ಒಂದು ತೂತು. ಆಮೇಲೆ ಕಟ್ಟಿಂಗ್ ಮಷಿನ್‌ನಲ್ಲಿ ಎರಡೂ ಕಡೆಯಿಂದ ತೂತಿನವರೆಗೆ ಕೊಯ್ಯುವುದು. ತೂತಿಲ್ಲದೆ ಕೊಯ್ದರೆ ಒಳಮೂಲೆಯಿಂದ ಸೀಳು ಓಡುತ್ತದೆ, ಅದೇ ದಿನ ಅಲ್ಲದಿದ್ದರೂ ಮೇಲೆ ಭಾರ ಬಿದ್ದ ದಿನ. ಕೊಯ್ಯುವಾಗ ಕನ್ನಡಕ, ಮಾಸ್ಕ್ ಬೇಕೇ ಬೇಕು, ಬ್ಲೇಡ್‌ಗೆ ನೀರು ಬಿಡುತ್ತಿದ್ದರೆ ಧೂಳೂ ಕಮ್ಮಿ. ಆದರೆ ಮಷಿನ್‌ನ ವಯರಿಗೆ ನೀರು ತಾಗದ ಹಾಗೆ ನೋಡಿಕೊಳ್ಳಬೇಕು.

ಪೂರ್ತಿ ಟೈಲ್ಸನ್ನು ಬಾಗಿಲಿಗೆ ಕಾಣುವ ಕಡೆಯಿಂದ ಶುರು ಮಾಡಿ, ತುಂಡುಗಳು ಕಪಾಟಿನ ಬುಡಕ್ಕೆ ಬರುವ ಹಾಗೆ ಜೋಡಿಸಿದೆ. ಕಲ್ಲಿನ ಕಾಲಿಗೆ ಟೈಲ್ಸ್ ತಾಗಿಸಲಿಲ್ಲ. ಮೂರು ಮಿಲಿಮೀಟರ್ ಬಿಟ್ಟು, ಅಲ್ಲಿ ಗ್ರೌಟ್ ಬದಲು ಬೂಸ್ಟು ಹಿಡಿಯದ ಸಿಲಿಕಾನ್ ಹಾಕಿದೆ. ಕಲ್ಲು, ಟೈಲ್ಸ್ ಎರಡೂ ಬಿಸಿ ತಣ್ಣಗಿಗೆ ಬೇರೆ ಬೇರೆ ರೀತಿ ಅಲುಗುತ್ತವೆ. ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ, ಸಿಲಿಕಾನ್ ಎಳೆದಾಡಿದರೂ ತಡೆಯುತ್ತದೆ. ಮುಚ್ಚಿದ ಸಂದಿಯ ಮುಂದೆ ಉಳಿದ ಟೈಲ್ಸ್ ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದೆ. ಈಗ ನೋಡಿದರೆ ಕಪಾಟನ್ನು ಹೊಸ ನೆಲದ ಮೇಲೇ ಕಟ್ಟಿದ ಹಾಗಿದೆ.

ಒಲೆಯ ಬಾಯಿಯ ಮುಂದೆ ಮಾತ್ರ ಟೈಲ್ಸ್ ಬೇಡ ಅಂತ ತೀರ್ಮಾನ ಮಾಡಿದೆ. ಕೆಂಡ ಬೀಳುವ ಜಾಗ ಅದು. ಟೈಲ್ಸ್ ಸಿಡಿಯುತ್ತದೆ, ಎಪಾಕ್ಸಿ ಸುಟ್ಟು ಕಪ್ಪಾಗುತ್ತದೆ. ಅಲ್ಲಿಗೆ ಒಂದಡಿ ಅಗಲ ಬರೀ ಸಿಮೆಂಟ್ ಗಾರೆ ಎಳೆದು ಬಿಟ್ಟೆ.

ಟೈಲ್ಸ್ ಕೂರಿಸಿ ಒಂದು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಗ್ರೌಟ್ ಆದ ಮೇಲೂ ಒಂದು ವಾರ ಸ್ನಾನಕ್ಕೆ ಚಿಕ್ಕಪ್ಪನ ಮನೆ. ತೊಳೆಯಲು ಆಸಿಡ್ ತರಬೇಡಿ ಅಂತ ಅಮ್ಮನಿಗೂ ಹೇಳಿಟ್ಟಿದ್ದೇನೆ. ಕಡಪ ಸುಣ್ಣದ ಜಾತಿಯ ಕಲ್ಲು, ಆಸಿಡ್ ಬಿದ್ದ ಕಡೆ ಬೆಳ್ಳಗೆ ತಿಂದುಹೋಗುತ್ತದೆ. ಸೋಪಿನ ಪುಡಿ, ತೆಂಗಿನ ನಾರಿನ ಬ್ರಷ್ ಸಾಕು. ಸಿಲಿಕಾನ್ ಎಲ್ಲಾದರೂ ಬಿಟ್ಟಿದೆಯಾ ಅಂತ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಉಗುರಿನಿಂದ ಒತ್ತಿ ನೋಡುತ್ತೇನೆ. ಬಿಟ್ಟಿದ್ದರೆ ಅಷ್ಟನ್ನೇ ಕೊಯ್ದು ಹೊಸದು ಹಾಕಿದರಾಯಿತು.