ಫಾರ್ಮ್ಯಾಟ್ ಹೊಡೆಯದೆ ವಿಂಡೋಸ್ 7ರಿಂದ 10ಕ್ಕೆ: ನನ್ನ ಅನುಭವ

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ, ಉಪನಯನಗಳ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ನನ್ನ ಕೆಲಸ. 2010ರಲ್ಲಿ ಕೊಂಡ ಒಂದೇ ಕಂಪ್ಯೂಟರಿನಲ್ಲಿ, 32-ಬಿಟ್ ವಿಂಡೋಸ್ 7 ಪ್ರೊಫೆಷನಲ್ ಮೇಲೆ, ಪುಟ ವಿನ್ಯಾಸದ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಸುವ ನುಡಿ ತಂತ್ರಾಂಶಗಳಿಂದ ಈ ಕೆಲಸವೆಲ್ಲ ನಡೆದು ಬಂದಿತ್ತು. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೆ ನಿಲ್ಲುವುದೆಂದು ಮೊದಲೇ ಪ್ರಕಟವಾಗಿತ್ತು. ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಚುಚ್ಚುವ ಯಂತ್ರವನ್ನು ಹಾಗೆಯೇ ಬಿಡುವ ಧೈರ್ಯ ನನಗಾಗಲಿಲ್ಲ.

ರಿಪೇರಿ ಮಾಡುವವರನ್ನು ಕೇಳಿದರೆ, "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದ್ರೆ ಒಂದೆರಡು ತಾಸಿನ ಕೆಲಸ, ಹೆಗಡೇರೆ. ಡಾಟಾ ಎಲ್ಲ ಡಿ ಡ್ರೈವಿಗೆ ಹಾಕಿ ಕೊಡ್ತೇನೆ" ಎಂದರು. ಅವರು ಹೇಳಿದ್ದು ಡಾಟಾದ ಮಟ್ಟಿಗೆ ಸರಿಯೇ. ಆದರೆ ನನ್ನ ಚಿಂತೆ ಡಾಟಾಕ್ಕಿಂತ ತಂತ್ರಾಂಶದ್ದಾಗಿತ್ತು. ಪೇಜ್‌ಮೇಕರ್ ಸಿಡಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅದು ಓದಿಸಿಕೊಳ್ಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹತ್ತು ವರ್ಷಗಳಲ್ಲಿ ಒಂದೊಂದಾಗಿ ಸೇರಿಸಿದ ಹಳೆಯ ಸಂಕೇತದ (ಯುನಿಕೋಡ್ ಅಲ್ಲದ) ಕನ್ನಡ ಫಾಂಟುಗಳಲ್ಲಿ ಯಾವುದು ಎಲ್ಲಿಂದ ಬಂತೆಂದು ನನಗೇ ನೆನಪಿರಲಿಲ್ಲ. ಕಡತವಿದ್ದು ಅದನ್ನು ತೆರೆಯುವ ತಂತ್ರಾಂಶ ಇಲ್ಲದಿದ್ದರೆ ಆ ಕಡತದಿಂದ ಪ್ರಯೋಜನವೇನು? ಆದ್ದರಿಂದ ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಕೂರಿಸುವ ಇನ್-ಪ್ಲೇಸ್ ಅಪ್‌ಗ್ರೇಡ್ ಮಾಡುವುದೆಂದು ನಿಶ್ಚಯಿಸಿ, ವಿಂಡೋಸ್ 10 ಪ್ರೊ ಪರವಾನಗಿಯನ್ನು ಖರೀದಿಸಿದೆ. ಧನುರ್ಮಾಸದಲ್ಲಿ ಮದುವೆಗಳಿಲ್ಲದ ಕಾರಣ ಪತ್ರಿಕೆಯ ಕೆಲಸವೂ ಕಡಿಮೆ. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಇದ್ದುದರಿಂದ, ಸಂಕ್ರಾಂತಿಯೊಳಗೆ ಇದು ಮುಗಿಯಲೇಬೇಕಿತ್ತು.

ಮೊದಲು ಮಾಡಿದ್ದು ಇಡೀ ಸಿ ಡ್ರೈವಿನ ಪ್ರತಿ. ಇದಕ್ಕೆ ಬೇರೆ ತಂತ್ರಾಂಶವೇನೂ ಬೇಕಿಲ್ಲ. ವಿಂಡೋಸ್ 7ರ ಬ್ಯಾಕಪ್ ವಿಭಾಗದಲ್ಲಿಯೇ ಸಿಸ್ಟಮ್ ಇಮೇಜ್, ಅಂದರೆ ಡ್ರೈವಿನ ಯಥಾವತ್ ಪ್ರತಿ, ತಯಾರಿಸುವ ಸೌಲಭ್ಯವಿದೆ. ಹೊರಗಿನ ಹಾರ್ಡ್‌ಡಿಸ್ಕಿಗೆ ಇಮೇಜ್ ತೆಗೆದು, ಜೊತೆಗೆ ಆ ಪ್ರತಿಯನ್ನು ಮರಳಿ ಹಾಕಲು ಬೇಕಾಗುವ ರಿಪೇರಿ ಡಿಸ್ಕನ್ನೂ ಬರೆದುಕೊಂಡು, ಆ ಡಿಸ್ಕಿನಿಂದ ಯಂತ್ರವನ್ನು ಚಾಲೂ ಮಾಡಿ, ಇಮೇಜ್ ಅದಕ್ಕೆ ಕಾಣಿಸುತ್ತದೆಯೇ ಎಂದು ನೋಡಿಯೇ ಮುಂದುವರಿದೆ. ಬ್ಯಾಕಪ್ ತೆಗೆದವರು ಬಹಳ ಮಂದಿ ಇರುತ್ತಾರೆ, ಅದು ಮರಳಿ ಬರುತ್ತದೆಯೇ ಎಂದು ನೋಡಿದವರು ಕಡಿಮೆ. ಇದಲ್ಲದೆ ಕೆಲಸದ ಕಡತಗಳನ್ನೂ ಫಾಂಟ್ಸ್ ಫೋಲ್ಡರನ್ನೂ ಬೇರೆಯಾಗಿ ನಕಲು ಮಾಡಿದೆ. ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಒತ್ತಕ್ಷರಗಳು ದಟ್ಟವಾಗಿದ್ದ ಹಳೆಯ ಆಮಂತ್ರಣವೊಂದನ್ನು ಆರಿಸಿ ಒಂದು ಪ್ರತಿ ಮುದ್ರಿಸಿ, ದಿನಾಂಕ ಬರೆದು ಎತ್ತಿಟ್ಟೆ.

ಡೆಸ್ಕ್‌ಟಾಪ್ ಮೇಲೆ ರಾಶಿ ಬಿದ್ದಿದ್ದ ಕಡತಗಳೆಲ್ಲ ಸಿ ಡ್ರೈವಿನಲ್ಲಿಯೇ ಜಾಗ ತಿನ್ನುತ್ತಿದ್ದವು. ಅವನ್ನು ಡಿ ಡ್ರೈವಿಗೆ ಸಾಗಿಸಿ ಮೂವತ್ತು ಜಿಬಿಗಿಂತ ಹೆಚ್ಚು ಖಾಲಿ ಮಾಡಿದೆ. ವಿಂಡೋಸ್ 7ರ ಪರಿಷ್ಕರಣೆಗಳ ಕಟ್ಟಾದ ಸರ್ವೀಸ್ ಪ್ಯಾಕ್ 1 ಇರುವುದನ್ನು ಖಚಿತಪಡಿಸಿಕೊಂಡು, ಆ್ಯಂಟಿವೈರಸ್ ತೆಗೆದುಹಾಕಿದೆ.

ಎಡವಿದ್ದು ಇಲ್ಲಿಂದ ಮುಂದೆ. ವಿಂಡೋಸ್ 10ನ್ನು ಇಳಿಸಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಭಾಷೆ, ಆವೃತ್ತಿ ಮತ್ತು ಬಿಟ್ (32 ಅಥವಾ 64, ವಿಂಡೋಸ್‌ನ ಎರಡು ಬಗೆ) ಯಾವುದೆಂದು ಕೇಳಿತು. ಬಿಟ್ ವಿಷಯದಲ್ಲಿ ನಾನು ಎಚ್ಚರವಾಗಿದ್ದೆ. 32-ಬಿಟ್‌ನಿಂದ 64-ಬಿಟ್‌ಗೆ ಹೋದರೆ ತಂತ್ರಾಂಶಗಳು ಉಳಿಯುವುದಿಲ್ಲ. ಭಾಷೆಯ ಜಾಗದಲ್ಲಿ ಮಾತ್ರ, ನಮ್ಮ ದೇಶಕ್ಕೆ ಇದೇ ಹೊಂದೀತೆಂದು ಇಂಗ್ಲಿಷ್ ಇಂಟರ್‌ನ್ಯಾಷನಲ್ ಆರಿಸಿದೆ. ಸುಮಾರು ಮೂರೂವರೆ ಜಿಬಿಯ ಕಡತ ರಾತ್ರಿಯಿಡೀ ಇಳಿಯಿತು. ಬೆಳಿಗ್ಗೆ ಸೆಟಪ್ ಚಾಲೂ ಮಾಡಿದರೆ, ಏನೇನು ಉಳಿಸಿಕೊಳ್ಳಬೇಕೆಂದು ಕೇಳುವ ಪರದೆಯಲ್ಲಿ "ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್" ಎಂಬ ಮೊದಲ ಸಾಲು ಮಸುಕಾಗಿತ್ತು. ಎಷ್ಟು ಒತ್ತಿದರೂ ಆಯ್ಕೆಯಾಗಲಿಲ್ಲ. ಅಲ್ಲಿಯೇ ನಿಲ್ಲಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಡಿದಾಗ ನನ್ನ ವಿಂಡೋಸ್ 7ರ ಮೂಲಭಾಷೆ ಅಮೆರಿಕದ ಇಂಗ್ಲಿಷ್ ಎಂದು ತಿಳಿಯಿತು. ಮೂಲಭಾಷೆ ಬೇರೆಯಾದರೆ ಸೆಟಪ್ ತಂತ್ರಾಂಶಗಳನ್ನು ಉಳಿಸಿಕೊಡುವುದಿಲ್ಲ. ಆ ಪರದೆಯನ್ನು ಓದದೆ ನೆಕ್ಸ್ಟ್ ಒತ್ತಿದ್ದರೆ ಪೇಜ್‌ಮೇಕರ್ ಅಂದೇ ಹೋಗುತ್ತಿತ್ತು. ಇನ್ನೊಂದು ರಾತ್ರಿ ಸರಿಯಾದ ಕಡತವನ್ನು ಇಳಿಸಿಕೊಂಡೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೂ ಈ ಆಯ್ಕೆ ಸಿಗದು. ಸೆಟಪ್ಪನ್ನು ವಿಂಡೋಸ್ 7ರ ಒಳಗಿನಿಂದಲೇ ಚಲಾಯಿಸಬೇಕು.

ಅಂಗಡಿಯ ಯುಪಿಎಸ್ ಕಾಲು ತಾಸೂ ತಾಳುತ್ತಿರಲಿಲ್ಲವಾದ್ದರಿಂದ, ಸಿಪಿಯು ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಮನೆಗೆ ತಂದು ಇನ್ವರ್ಟರಿಗೆ ಜೋಡಿಸಿ ಭಾನುವಾರ ಬೆಳಿಗ್ಗೆ ಕೆಲಸ ಆರಂಭಿಸಿದೆ. ಮೂರು ತಾಸು ಹಿಡಿಯಿತು. ನಡುವೆ ಶೇಕಡಾ ಲೆಕ್ಕ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತಾಗ ಸ್ವಿಚ್ ಆರಿಸಲು ಕೈ ತುರಿಸಿದ್ದು ನಿಜ. ಹಾರ್ಡ್‌ಡಿಸ್ಕಿನ ಬೆಳಕು ಮಿನುಗುತ್ತಿದ್ದುದನ್ನು ಕಂಡು ಸುಮ್ಮನಾದೆ.

ಪೇಜ್‌ಮೇಕರ್, ಫಾಂಟುಗಳು, ಕಡತಗಳು ಎಲ್ಲವೂ ಇದ್ದವು. ಪ್ರಿಂಟರಿಗೆ ಮಾತ್ರ ಹೊಸ ಡ್ರೈವರ್ ಹಾಕಬೇಕಾಯಿತು. ಒಂದು ತೊಡಕು ಎರಡು ದಿನ ಕಾಡಿತು: ಪೇಜ್‌ಮೇಕರ್‌ನಲ್ಲಿ ಕನ್ನಡ ಟೈಪಿಸಿದರೆ ಇಂಗ್ಲಿಷ್ ಅಕ್ಷರ ಬೀಳುತ್ತಿತ್ತು. ಹಳೆಯ ತಂತ್ರಾಂಶವಲ್ಲವೇ ಎಂದು ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ತೆರೆಯುವಂತೆ ಮಾಡಿದವನು ನಾನೇ. ನುಡಿ ಸಾಮಾನ್ಯ ಹಕ್ಕಿನಲ್ಲಿತ್ತು. ಕೆಳಗಿನ ಹಕ್ಕಿನ ತಂತ್ರಾಂಶವು ಮೇಲಿನ ಹಕ್ಕಿನದಕ್ಕೆ ಕೀಲಿಗಳನ್ನು ಕಳಿಸದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ಹಕ್ಕಿಗೆ ತಂದ ಕೂಡಲೇ ಕನ್ನಡ ಮೂಡಿತು.

ಎತ್ತಿಟ್ಟಿದ್ದ ಆಮಂತ್ರಣವನ್ನು ಮತ್ತೊಮ್ಮೆ ಮುದ್ರಿಸಿ, ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಸಾಲು ಮುರಿಯುವ ಜಾಗ, "ಸ್ವಾಗತೋತ್ಸುಕರು" ಎಂಬಲ್ಲಿನ ಒತ್ತು, ಅಂಚಿನ ಗೆರೆ ಎಲ್ಲವೂ ಕೂಡಿದವು. ಹಳೆಯ ವ್ಯವಸ್ಥೆಗೆ ಹಿಂತಿರುಗಲು ಹತ್ತು ದಿನಗಳ ಅವಕಾಶವಷ್ಟೇ ಇರುತ್ತದೆ. ಅದನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಟ್ಟ ಆದೇಶವೊಂದರಿಂದ ಮೂವತ್ತು ದಿನಗಳಿಗೆ ಹೆಚ್ಚಿಸಿಕೊಂಡು, ಜಾತ್ರೆಯ ಮೊದಲ ಕರಪತ್ರಗಳು ತೊಂದರೆಯಿಲ್ಲದೆ ಅಚ್ಚಾದ ಮೇಲೆ ಹಳೆಯ ವ್ಯವಸ್ಥೆ ಉಳಿದಿದ್ದ ವಿಂಡೋಸ್ ಓಲ್ಡ್ ಫೋಲ್ಡರನ್ನು ಅಳಿಸಿದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲದಿರುವುದರಿಂದ ಇದೇ ದಾರಿಯಲ್ಲಿ ಮತ್ತೊಮ್ಮೆ ಮೇಲೇರುವಂತಿಲ್ಲ. ಈಗ ಆ ಯಂತ್ರದ ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಗಿರಾಕಿಗಳ ಪೆನ್‌ಡ್ರೈವುಗಳು ಪಕ್ಕದ ಹೊಸ ಲ್ಯಾಪ್‌ಟಾಪಿಗೆ ಹೋಗುತ್ತವೆ. ಹಳೆಯ ಇಮೇಜ್ ಇರುವ ಹಾರ್ಡ್‌ಡಿಸ್ಕು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಮುಚ್ಚಳದ ಡಬ್ಬಿಯೊಂದರಲ್ಲಿದೆ.