ಸಂಬಳ ಪಡೆದು ಎಂ.ಟೆಕ್, ಪಿಎಚ್‌.ಡಿ.: ಫೆಲೋಶಿಪ್ ಅರ್ಜಿ ಹಾಕುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದಲು ಜಾಗಕ್ಕೇನೂ ಬರವಿಲ್ಲ. ಹಳೇ ಕಾಲೇಜುಗಳ ಜೊತೆಗೆ ಐಐಟಿ, ಐಐಐಟಿ ಎರಡೂ ಬಂದಿವೆ, ಗದಗ-ಹಾವೇರಿಯಲ್ಲೂ ಕಾಲೇಜುಗಳಿವೆ. ಆದರೆ ಕೊನೇ ವರ್ಷದವರನ್ನು ಮುಂದೇನು ಅಂತ ಕೇಳಿ ನೋಡಿ. ಕ್ಯಾಂಪಸ್ ಸೆಲೆಕ್ಷನ್, ಅದಾಗದಿದ್ದರೆ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಸರ್ಕಾರಿ ಪರೀಕ್ಷೆಗೆ ಓದುವುದು. ತಿಂಗಳಿಗೆ ದುಡ್ಡು ಕೊಟ್ಟು ಓದಿಸುವ ಮೂರನೇ ದಾರಿಯೊಂದಿದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

"ಇನ್ನೂ ಎಷ್ಟು ವರ್ಷ ಓದ್ತೀಯಪಾ?" ಅನ್ನುವ ಅಪ್ಪನ ಮುಂದೆ ಮೊದಲು ಲೆಕ್ಕ ಇಡಿ. ಗೇಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಸ್ಕೋರ್ ಮೇಲೆ ಎಂ.ಟೆಕ್ ಸೇರಿದವರಿಗೆ ಸಿಗುವ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಪಿಎಚ್‌.ಡಿ.ಗೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ದರ 2023ರ ಜನವರಿಯಿಂದ 37,000, ಎರಡು ವರ್ಷ ಆದಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ 70,000ದಿಂದ ಆರಂಭಿಸಿ 80,000ದವರೆಗೆ ಕೊಡುತ್ತ ಬಂದಿದೆ, ಸಂಶೋಧನೆಯ ಖರ್ಚಿಗೆ ವರ್ಷಕ್ಕೆ 2 ಲಕ್ಷ ಪ್ರತ್ಯೇಕ. ಎಂ.ಎಸ್ಸಿ.ಯವರು, ಕೃಷಿ ವಿಶ್ವವಿದ್ಯಾಲಯದವರು ಇನ್ಸ್‌ಪೈರ್ ಫೆಲೋಶಿಪ್ ಕಡೆಗೂ ನೋಡಿ. ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ ಅದು ತೆರೆದಿದೆ.

ಮೊದಲು ಅರ್ಹತೆ ಓದಿ

ಗೂಗಲ್‌ನಲ್ಲಿ ಹುಡುಕಿದರೆ ಅಮೆರಿಕದ ಎನ್‌ಎಸ್‌ಎಫ್, ಹರ್ಟ್ಜ್ ಫೆಲೋಶಿಪ್‌ಗಳೇ ಮೇಲೆ ಬರುತ್ತವೆ. ಅವು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಸುಮ್ನೆ ಸಮಯ ಹಾಳು ಮಾಡಬೇಡಿ. ಅಮೆರಿಕದಲ್ಲೇ ಪಿಎಚ್‌.ಡಿ. ಮಾಡುವ ಆಸೆ ಇದ್ದರೆ ನೇರವಾಗಿ ವಿಭಾಗಕ್ಕೆ ಅರ್ಜಿ ಹಾಕಿ. ಸೀಟಿನ ಜೊತೆಗೇ ಆರ್‌ಎ (ಸಂಶೋಧನಾ ಸಹಾಯಕ) ಅಥವಾ ಟಿಎ (ಬೋಧನಾ ಸಹಾಯಕ) ಕೆಲಸ ಕೊಟ್ಟು ಫೀಸು, ಖರ್ಚು ನೋಡಿಕೊಳ್ಳುವುದು ಇಂಜಿನಿಯರಿಂಗ್‌ನಲ್ಲಿ ಮಾಮೂಲು. ಯುರೋಪಿನಲ್ಲಿ ಮಾಸ್ಟರ್ಸ್ ಓದಲು ಕೊಡುವ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ನಮ್ಮವರಿಗೂ ಮುಕ್ತ. ತಿಂಗಳಿಗೆ 1,400 ಯೂರೋ ಕೊಡುತ್ತಾರೆ, ಹೆಚ್ಚಿನ ಕೋರ್ಸ್‌ಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಯುತ್ತದೆ.

ಗೇಟ್ ಬರೆಯಲು ಕೊನೇ ವರ್ಷದವರೆಗೆ ಕಾಯಬೇಕಿಲ್ಲ, ಮೂರನೇ ವರ್ಷದಲ್ಲೇ ಕೂರಬಹುದು. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಪರೀಕ್ಷೆ ಫೆಬ್ರವರಿ ಹೊತ್ತಿಗೆ, ಅರ್ಜಿ ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್‌ನಲ್ಲಿ.

ಶಿಫಾರಸು ಪತ್ರ (ಲೆಟರ್) ಕೇಳುವುದು

ಹೆಚ್ಚಿನ ಅರ್ಜಿ ಸೊರಗುವುದು ಇಲ್ಲಿ. ನಮ್ಮಲ್ಲಿ ನಡೆಯುವುದು ಹೇಗೆ ಗೊತ್ತಲ್ವಾ? ಹುಡುಗನೇ ಲೆಟರ್ ಟೈಪ್ ಮಾಡುತ್ತಾನೆ, ಅದೂ ಸೀನಿಯರ್ ಕೊಟ್ಟ ಫೈಲಿನಲ್ಲಿ ಹೆಸರು ಬದಲಾಯಿಸಿ. ಎಚ್‌ಒಡಿ ಸಹಿ ಹಾಕಿ, ಸಿಕ್ಕಾ ಒತ್ತಿ ಕೊಡುತ್ತಾರೆ. ಪ್ರಾಮಾಣಿಕ, ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿ ಅಂತ ಎಲ್ಲರ ಲೆಟರ್‌ನಲ್ಲೂ ಅದೇ ಮಾತು. ಓದುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ.

ದೊಡ್ಡ ಹುದ್ದೆಯವರ ಬೆನ್ನು ಹತ್ತಬೇಡಿ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರನ್ನು ಕೇಳಿ, ಪ್ರಾಜೆಕ್ಟ್ ಗೈಡ್ ಆಗಲಿ, ಲ್ಯಾಬ್‌ನಲ್ಲಿ ಸಂಜೆ ಬಾಗಿಲು ಹಾಕುವವರೆಗೂ ನಿಮ್ಮ ಜೊತೆ ಕೂತ ಜೂನಿಯರ್ ಲೆಕ್ಚರರ್ ಆಗಲಿ. ಕನಿಷ್ಠ ಒಂದು ತಿಂಗಳು ಮೊದಲು ಹೋಗಿ. ಬರಿಗೈಲಿ ಹೋಗದೆ ಒಂದು ಹಾಳೆ ಕೊಡಿ. ಯಾವ ಸೆಮಿಸ್ಟರ್‌ನಲ್ಲಿ ಅವರ ಬಳಿ ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ಅದನ್ನು ಹೇಗೆ ಸರಿಪಡಿಸಿದಿರಿ, ಕೊನೆಯ ದಿನಾಂಕ ಯಾವುದು ಅಂತ ಅದರಲ್ಲಿರಲಿ. ವಿದೇಶದ ಅರ್ಜಿಗಳಲ್ಲಿ ಲೆಟರ್ ಹಾಕುವ ಲಿಂಕ್ ನೇರವಾಗಿ ಅವರ ಮೇಲ್‌ಗೆ ಹೋಗುತ್ತದೆ, ಜಿಮೇಲ್‌ಗಿಂತ ಕಾಲೇಜಿನ ಮೇಲ್ ವಿಳಾಸ ಕೊಡುವುದು ಒಳ್ಳೆಯದು. ಆ ಲಿಂಕ್ ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. "ಸರ್, ಲಿಂಕ್ ಬಂತೇನ್ರಿ?" ಅಂತ ವಾರ ಮೊದಲೇ ಕೇಳಿ, ಸಂಕೋಚ ಬೇಡ.

ನಿಮ್ಮ ಕಾಲೇಜಿನಲ್ಲಿ ಸಂಶೋಧನೆ ಮಾಡುವವರೇ ಕಡಿಮೆಯಾ? ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಅಲ್ಲಿನ ಗೈಡ್ ಬರೆಯುವ ಲೆಟರ್‌ಗೆ ತೂಕ ಜಾಸ್ತಿ.

ಸ್ಟೇಟ್‌ಮೆಂಟ್ (ಏನು ಸಂಶೋಧಿಸಬೇಕೆಂದು ನೀವೇ ಹೇಳುವ ಬರಹ) ಬರೆಯುವುದು

"ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ" ಅಂತ ಶುರು ಮಾಡಿದರೆ ಓದುವವರು ಮುಂದಿನ ಅರ್ಜಿಗೆ ಹೋಗುತ್ತಾರೆ. ಅವರಿಗೆ ಬೇಕಿರುವುದು ಒಂದು ಪ್ರಶ್ನೆ, ಅದರ ಬೆನ್ನು ಹತ್ತುವ ತಾಕತ್ತು ನಿಮಗಿದೆ ಅನ್ನುವುದಕ್ಕೆ ಪುರಾವೆ. ಬ್ಯಾಡಗಿ ಕಡೆಯ ಮೆಕ್ಯಾನಿಕಲ್ ವಿದ್ಯಾರ್ಥಿನಿಯೊಬ್ಬಳು ಮೆಣಸಿನಕಾಯಿ ಒಣಗಿಸುವ ಸೋಲಾರ್ ಡ್ರೈಯರ್ ಪ್ರಾಜೆಕ್ಟ್ ಮಾಡಿದ್ದಾಳೆ ಅಂದುಕೊಳ್ಳಿ. ಅವಳು ಹೀಗೆ ಶುರು ಮಾಡಬಹುದು: "ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. ನಮ್ಮ ಡ್ರೈಯರ್‌ನಲ್ಲಿ ಮೇಲಿನ ತಟ್ಟೆಯ ಕಾಯಿ ಒಣಗಿ ಬಣ್ಣ ಮಾಸುವ ಹೊತ್ತಿಗೂ ಕೆಳಗಿನದು ಹಸಿಯಾಗಿಯೇ ಇತ್ತು. ಗಾಳಿಯ ದಾರಿ ಬದಲಿಸಿದೆವು, ವ್ಯತ್ಯಾಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತೇವಾಂಶ ಮತ್ತು ಬಣ್ಣ ಎರಡನ್ನೂ ಒಟ್ಟಿಗೆ ಅಳೆದು ಗಾಳಿಯ ವೇಗ ನಿಯಂತ್ರಿಸಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ." ಇಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಆದರೆ ಅವಳು ಏನು ನೋಡಿದಳು, ಏನು ಮಾಡಿದಳು, ಎಲ್ಲಿ ನಿಂತಳು ಎಲ್ಲ ಗೊತ್ತಾಗುತ್ತದೆ. ಇದಾದ ಮೇಲೆ ಆ ಸಂಸ್ಥೆಯಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡುವ ಪ್ರಾಧ್ಯಾಪಕರು ಯಾರು, ಅವರ ಇತ್ತೀಚಿನ ಪೇಪರ್ ಏನು ಹೇಳುತ್ತದೆ ಅಂತ ನಿಜವಾಗಿ ಓದಿ ಬರೆಯಬೇಕು. ಸುಮ್ನೆ ಹೆಸರು ತುರುಕಿದರೆ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುತ್ತೀರಿ.

ಕಾಗದಪತ್ರ

ನಮ್ಮ ಕಡೆ ದೊಡ್ಡ ತಲೆನೋವು ಹೆಸರಿನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿ ಇಷ್ಟುದ್ದ. ಇದನ್ನು ಅರ್ಜಿಗೆ ಮೊದಲೇ ಸರಿ ಮಾಡಿಸಿ. ಮೀಸಲಾತಿ ಕೇಳುವವರು ಇನ್ನೊಂದು ನೆನಪಿಡಿ: ಕೇಂದ್ರದ ಸಂಸ್ಥೆಗಳಿಗೆ ರಾಜ್ಯದ 2ಎ, 3ಬಿ ಸರ್ಟಿಫಿಕೇಟ್ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಮಾಡಿಸಿ. ವಿಟಿಯು ಕಾಲೇಜಿನವರ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್ ಅಂಕಗಳ ಅಧಿಕೃತ ಪಟ್ಟಿ) ಬೆಳಗಾವಿಯಿಂದ ಬರಬೇಕು, ಸಮಯ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹುಬ್ಬಳ್ಳಿಯಲ್ಲೇ ಆಗುತ್ತದೆ.

ಇಂಟರ್‌ವ್ಯೂನಲ್ಲಿ ಬಹಳ ಮಟ್ಟಿಗೆ ಕೇಳುವುದು ಎರಡನೇ ವರ್ಷದ ಪಾಠ ಮತ್ತು ನಿಮ್ಮದೇ ಪ್ರಾಜೆಕ್ಟ್. ಇಂಗ್ಲಿಷ್ ತಡವರಿಸಿದರೆ ಚಿಂತೆ ಬೇಡ, ಬೋರ್ಡ್ ಮೇಲೆ ಚಿತ್ರ ಬಿಡಿಸಿ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಆದರೆ ಅಲ್ಲಿಗೇ ಬಿಡದೆ ಹೇಗೆ ಹುಡುಕುತ್ತೀರಿ ಅಂತ ಹೇಳಿ. ಅರ್ಜಿ ಕಳಿಸಿದ ದಿನವೇ ಅದರ ಪಿಡಿಎಫ್ ಇಳಿಸಿ ಇಟ್ಟುಕೊಂಡಿರಿ. ತಿಂಗಳುಗಳ ನಂತರ ಅವರು ಪ್ರಶ್ನೆ ಕೇಳುವುದು ಅದನ್ನೇ ಮುಂದಿಟ್ಟುಕೊಂಡು.